ಅವ್ವನ ಹಾಡಿಗೆ ಬಿದ್ದ ಬೀಗ

ಹೋದ ವರ್ಷದ ಶ್ರಾವಣದಲ್ಲಿ ಬಸವೇಶ್ವರ ಜಾತ್ರೆಗೆಂದು ಬಸವನ ಬಾಗೇವಾಡಿಗೆ ಹೋಗಿದ್ದೆ. ಊರು ಬಿಟ್ಟು ಬೆಂಗಳೂರು ಸೇರಿದವನಿಗೆ ಜಾತ್ರೆಯಲ್ಲಿ ಎದುರಾಗುವ ಪ್ರಶ್ನೆಗಳು ಎರಡೇ. "ಯಾವಾಗ ಬಂದಿ?" ಮತ್ತು "ಯಾವಾಗ ಹೊಂಟಿ?" ಈ ಸಲ ಮೂರನೆಯದೊಂದು ಕಾದಿತ್ತು. ನಮ್ಮ ಓಣಿಯ ಕಾಕಾ ಒಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದು ಕಟ್ಟೆಯ ಮೇಲೆ ಕುಳಿತರು. "ತಮ್ಮಾ, ಇವಂದು ಪಿಯುಸಿ ಮುಗೀತು. ಕಂಪ್ಯೂಟರ್ ಓದಿಸಬೇಕಂತ ಇವರಪ್ಪ ಕುಂತಾನ. ಆದ್ರ ಈಗ ಮಷೀನೇ ಪ್ರೋಗ್ರಾಂ ಬರೀತೈತಂತಲ್ಲ? ಅಷ್ಟು ರೊಕ್ಕ ಹಾಕಿ ಓದಿಸಿ ಏನ್ ಮಾಡೂದು? ನೀ ಅದರಾಗ ಇದ್ದಾಂವ, ಖರೇ ಹೇಳು" ಎಂದರು.

ಖರೇ ಹೇಳುವುದು ಕಷ್ಟವಾಯಿತು. ಹುಡುಗ ಬೇರೆ, "ಕಾಕಾ, ಯಾವ ಲ್ಯಾಂಗ್ವೇಜ್ ಕಲೀಲಿ?" ಎಂದು ಕಣ್ಣರಳಿಸಿ ಕೇಳುತ್ತಿದ್ದ. ಯಾವುದೋ ಒಂದು ಹೆಸರು ಹೇಳಿ, ಚಹಾ ಕುಡಿಸಿ ಕಳಿಸಿದೆ. ರಾತ್ರಿ ಮಲಗಿದಾಗ ಆ ಉತ್ತರ ನನಗೇ ಸರಿಯೆನಿಸಲಿಲ್ಲ. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆದವನು ನಾನು. ಆದರೆ ಪ್ರೋಗ್ರಾಂ ಬರೆಯುವುದೆಂದರೆ ಏನೆಂದು ನನಗೆ ಸರಿಯಾಗಿ ತಿಳಿದದ್ದು ಕಚೇರಿಯಲ್ಲಿ ಅಲ್ಲ, ಅವ್ವನ ಹಾಡುಗಳಿಂದ. ಅದನ್ನು ಕಟ್ಟೆಯ ಮೇಲೆ ಕುಳಿತು ಐದು ನಿಮಿಷದಲ್ಲಿ ಹೇಳಲಾಗುವುದಿಲ್ಲ. ಇಲ್ಲಿ ಹೇಳುತ್ತೇನೆ.

ಅವ್ವನ ತವರು ಇಂಗಳೇಶ್ವರದ ಕಡೆಯ ಒಂದು ಹಳ್ಳಿ. ಓದು ಬರಹ ಇರಲಿಲ್ಲ. ಬೀಸುವ ಹಾಡು, ಸೋಬಾನೆ, ತೊಟ್ಟಿಲ ಹಾಡು, ಗುಳ್ಳವ್ವನ ಹಾಡು ಎಂದು ಆಕೆಯ ಬಾಯಲ್ಲಿ ಎಷ್ಟಿದ್ದವೋ ಲೆಕ್ಕವಿಲ್ಲ. ಅಪ್ಪ ಕನ್ನಡ ಶಾಲೆಯ ಮಾಸ್ತರರು. ಸಂಜೆ ಹೊತ್ತು ಆಕೆ ಹಾಡುವುದು, ಇವರು ಎರಡು ಗೆರೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವುದು. ಹೀಗೆ ಸುಮಾರು ಇಪ್ಪತ್ತು ವರ್ಷ ನಡೆಯಿತು. ನಡುವೆ ಅವ್ವ ಬೇಕೆಂದೇ ಒಂದು ನುಡಿ ತಪ್ಪಿಸಿ ಹಾಡಿ, ಅಪ್ಪ ಅದನ್ನು ಹಿಡಿಯುತ್ತಾರೋ ಇಲ್ಲವೋ ನೋಡುತ್ತಿದ್ದಳು.

1997ರಲ್ಲಿ ಅಪ್ಪ ನಿವೃತ್ತರಾದರು. ಬಂದ ಹಣದಲ್ಲಿ ಒಂದಿಷ್ಟು ತೆಗೆದಿಟ್ಟು ಆ ಹಾಡುಗಳ ಪುಸ್ತಕ ಮಾಡಿಸಬೇಕೆಂದು ವಿಜಾಪುರದ ಒಂದು ಡಿ.ಟಿ.ಪಿ. ಅಂಗಡಿಗೆ ನೋಟ್‌ಬುಕ್ಕುಗಳನ್ನು ಒಯ್ದರು. ಆಗಿನ್ನೂ ಜಿಲ್ಲೆಯ ಹೆಸರು ಬಿಜಾಪುರ. ವಿಜಯಪುರವೆಂದು ಸರಕಾರ ಬದಲಿಸಿದ್ದು 2014ರಲ್ಲಿ. ಅಂಗಡಿಯ ಹುಡುಗ ಮೂರು ತಿಂಗಳು ಕುಳಿತು ಎಲ್ಲವನ್ನೂ ಟೈಪು ಮಾಡಿದ. ನೋಡುವುದಕ್ಕೆಂದು ಮೊದಲ ಹದಿನಾರು ಪುಟಗಳನ್ನು ಮುದ್ರಿಸಿ ಕೊಟ್ಟ. ಅಷ್ಟರಲ್ಲಿ ತಂಗಿಯ ಮದುವೆ ಕೂಡಿಬಂತು. ಪುಸ್ತಕದ ಹಣ ಮಂಟಪಕ್ಕೆ ಹೋಯಿತು. ಅಪ್ಪ ಅಂಗಡಿಯವನ ಲೆಕ್ಕ ಚುಕ್ತಾ ಮಾಡಿ, ನಾಲ್ಕು ಫ್ಲಾಪಿಗಳನ್ನೂ ಹದಿನಾರು ಪುಟಗಳನ್ನೂ ಮನೆಗೆ ತಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟರು. "ಮುಂದ ನೋಡೋಣ" ಎಂದರು.

2004ರಲ್ಲಿ ಅವ್ವ ತೀರಿಕೊಂಡಳು. 2009ರ ಸೆಪ್ಟೆಂಬರ್ ಕೊನೆಯಲ್ಲಿ ಹಿಡಿದ ಮಳೆ ನಮ್ಮ ಕಡೆಯವರಿಗೆ ಚೆನ್ನಾಗಿ ನೆನಪಿದೆ. ಉತ್ತರ ಕರ್ನಾಟಕದ ಊರೂರುಗಳೇ ಮುಳುಗಿದ ಮಳೆ ಅದು. ನಮ್ಮ ಮನೆಯ ಮಾಳಿಗೆ ಮೂರು ದಿನ ಸೋರಿತು. ಟ್ರಂಕಿನ ತಳದಲ್ಲಿದ್ದ ನೋಟ್‌ಬುಕ್ಕುಗಳು ನೆನೆದು ಮುದ್ದೆಯಾದವು. ಶಾಯಿಯಲ್ಲಿ ಬರೆದದ್ದು ನೀಲಿ ನೀರಾಗಿ ಹರಿದುಹೋಗಿತ್ತು. ಅಪ್ಪ ಏನೂ ಮಾತಾಡಲಿಲ್ಲ. ಆ ಮುದ್ದೆಯನ್ನು ಬಿಸಿಲಿಗೆ ಹರವಿ ಎರಡು ದಿನ ಕಾಯುತ್ತ ಕುಳಿತರು. ಆಮೇಲೆ ಡಬ್ಬಿಯಲ್ಲಿದ್ದ ಫ್ಲಾಪಿಗಳ ನೆನಪಾಯಿತು. "ನೀ ಕಂಪ್ಯೂಟರದಾಂವ ಅದೀಯಲ್ಲ. ಇದರಾಗಿಂದು ತಗದು ಕೊಡು" ಎಂದು ಡಬ್ಬಿ ನನ್ನ ಕೈಗಿಟ್ಟರು.

ಒಂದು ವಾರದ ಕೆಲಸವೆಂದು ನಾನು ತಿಳಿದೆ. ನಾಳೆ ಮಾಡಿದರಾಯಿತು ಎನ್ನುತ್ತ ಆರು ವರ್ಷ ಕಳೆದೆ. 2015ರಲ್ಲಿ ಕೊನೆಗೂ ಫ್ಲಾಪಿ ಓದುವ ಸಾಧನವೊಂದನ್ನು ಹುಡುಕಿ ತಂದಾಗ, ಒಂದು ಫ್ಲಾಪಿಗೆ ಬೂಷ್ಟು ಹಿಡಿದು ಕೆಟ್ಟೇಹೋಗಿತ್ತು. ಅದರಲ್ಲಿದ್ದ ಹಾಡುಗಳು ಹೋದವು. ಅದು ನನ್ನ ಆಲಸ್ಯದ ಬೆಲೆ. ಬೇರೆ ಯಾರ ಮೇಲೂ ಹಾಕುವಂತಿಲ್ಲ. ಉಳಿದ ಮೂರನ್ನು ತೆರೆದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಒಂದೇ ಒಂದು ಕನ್ನಡ ಅಕ್ಷರ ಇರಲಿಲ್ಲ.

ಇದೇಕೆ ಹೀಗೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಣಕಕ್ಕೆ ಅಕ್ಷರ ತಿಳಿಯದು, ಸಂಖ್ಯೆ ಮಾತ್ರ ತಿಳಿಯುತ್ತದೆ. ಯಾವ ಸಂಖ್ಯೆ ಯಾವ ಅಕ್ಷರ ಎಂದು ಮೊದಲೇ ಒಪ್ಪಂದವಾಗಿರಬೇಕು. ತೊಂಬತ್ತರ ದಶಕದಲ್ಲಿ ಸಾಮಾನ್ಯ ಗಣಕಗಳಲ್ಲಿ ಅಕ್ಷರಗಳಿಗೆಂದು ಇದ್ದದ್ದು 256 ಮನೆಗಳು. ಅವೆಲ್ಲ ಇಂಗ್ಲಿಷಿಗೂ ಯುರೋಪಿನ ಭಾಷೆಗಳಿಗೂ ಮೀಸಲು. ಕನ್ನಡ ತಂತ್ರಾಂಶ ಮಾಡಿದವರು ಆ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ಒಂದರಲ್ಲಿ ತಲೆಕಟ್ಟು, ಒಂದರಲ್ಲಿ ಕೊಂಬು, ಒಂದರಲ್ಲಿ ಒತ್ತಕ್ಷರ. ನೀವೂ ಇದನ್ನು ನೋಡಿರುತ್ತೀರಿ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ‘ಕನ್ನಡ’ ಎಂಬ ಪದವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ, ಪಿ ಅಕ್ಷರ, ನೆತ್ತಿಯ ಮೇಲೆ ಗೀಟಿರುವ ಎ, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನರದೊಂದು ಅಕ್ಷರ, ಕ್ಯೂ, ಕೊನೆಗೆ ಮತ್ತೊಂದು ಎ ಕಾಣುತ್ತವೆ. ಕನ್ನಡ ತಾಯಿ ಪರದೇಶದ ಸಂತೆಯಲ್ಲಿ ದಾರಿ ತಪ್ಪಿ ನಿಂತ ಹಾಗೆ.

ಆ ಕಾಲದ ಇನ್ನೊಂದು ತೊಂದರೆಯೆಂದರೆ, ಒಂದು ಕಂಪನಿ ಕೂರಿಸಿದ ಮನೆಯಲ್ಲಿ ಇನ್ನೊಂದು ಕಂಪನಿ ಕೂರಿಸುತ್ತಿರಲಿಲ್ಲ. ಒಬ್ಬರ ‘ಕ’ ಇನ್ನೊಬ್ಬರಲ್ಲಿ ‘ಮ’ ಆಗಬಹುದು. ಅಪ್ಪನ ಹಾಡುಗಳನ್ನು ಟೈಪು ಮಾಡಿದ ತಂತ್ರಾಂಶ ಇಂಥ ಒಂದು ಕಂಪನಿಯದು. ಹೆಸರು ಬೇಡ. ಅದು ಓಡಬೇಕಾದರೆ ಗಣಕದ ಹಿಂದೆ, ಪ್ರಿಂಟರಿನ ತಂತಿ ಸೇರುವಲ್ಲಿ, ಬೆರಳುದ್ದದ ಒಂದು ‘ಲಾಕ್’ ಸಿಕ್ಕಿಸಬೇಕಿತ್ತು. ಕಳ್ಳರು ನಕಲು ಮಾಡದಿರಲೆಂದು ಆ ವ್ಯವಸ್ಥೆ. ನ್ಯಾಯವೇ. ಆದರೆ ನಾನು ವಿಚಾರಿಸುವ ಹೊತ್ತಿಗೆ ಡಿ.ಟಿ.ಪಿ. ಅಂಗಡಿ ಮುಚ್ಚಿ, ಅಲ್ಲಿ ಮೊಬೈಲ್ ಕವರು ಮಾರುತ್ತಿದ್ದರು. ಲಾಕ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಕಂಪನಿಗೆ ಬರೆದೆ. ಆ ಹಳೆಯ ಆವೃತ್ತಿಗೆ ಈಗ ಬೆಂಬಲವಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಯಾವ ಮನೆಯಲ್ಲಿ ಯಾವ ಅಕ್ಷರ ಇಟ್ಟಿದ್ದಿರಿ, ಆ ಪಟ್ಟಿಯನ್ನಾದರೂ ಕೊಡಿ ಎಂದು ಮತ್ತೆ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ.

ಹಾಡು ಅವ್ವನದು, ಬರೆದದ್ದು ಅಪ್ಪ, ಟೈಪಿಗೆ ಹಣ ಕೊಟ್ಟದ್ದೂ ಅಪ್ಪ. ಬೀಗ ಮಾತ್ರ ಇನ್ನಾರದೋ. ಮುಕ್ತ ತಂತ್ರಾಂಶದ ಬಗ್ಗೆ ಅಲ್ಲಿಯವರೆಗೆ ನಾನು ಓದಿದ್ದೆ, ಸಭೆಗಳಲ್ಲಿ ತಲೆಯಾಡಿಸಿದ್ದೆ. ಮೈಗೆ ತಾಗಿದ್ದು ಅಂದು.

ನನ್ನ ಪುಣ್ಯಕ್ಕೆ ಆ ಹದಿನಾರು ಪುಟಗಳಿದ್ದವು. ಬಲಗಡೆ ಮುದ್ರಿತ ಪುಟ, ಎಡಗಡೆ ಪರದೆಯ ಮೇಲಿನ ಕಲಸುಮೇಲೋಗರ. ಒಂದೊಂದೇ ಚಿಹ್ನೆ ಹಿಡಿದು ಇದು ‘ಕ’, ಇದು ಅದರ ತಲೆಕಟ್ಟು, ಇದು ‘ತ’ ಒತ್ತು ಎಂದು ಪಟ್ಟಿ ಮಾಡುತ್ತ ಹೋದೆ. ರಾತ್ರಿ ಊಟದ ನಂತರ ಎರಡು ತಾಸು ಇದೇ ಕೆಲಸ. ಅಂತೂ ಪಟ್ಟಿ ಮುಗಿಯಿತು. ಇನ್ನು ಪ್ರತಿ ಚಿಹ್ನೆಗೂ ಯೂನಿಕೋಡಿನ ಸಂಖ್ಯೆ ಕೊಟ್ಟರಾಯಿತು. ಯೂನಿಕೋಡ್ ಎಂಬುದು ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆ ಹಂಚಿದ ಒಪ್ಪಂದ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆಗಳಿದ್ದವು. ‘ಕ’ ಅಕ್ಷರದ ಸಂಖ್ಯೆ 3221. ಬಾಗೇವಾಡಿಯಲ್ಲೂ ಅದೇ, ಬರ್ಲಿನ್ನಿನಲ್ಲೂ ಅದೇ. ಒಪ್ಪಂದ ಎಲ್ಲರ ಮುಂದೆ ತೆರೆದಿಟ್ಟದ್ದು. ಯಾರ ಸ್ವತ್ತಿನ ಗುಟ್ಟೂ ಅಲ್ಲ.

ಪ್ರೋಗ್ರಾಂ ಬರೆದು ಓಡಿಸಿದೆ. ಕನ್ನಡ ಬಂತು! ಕಣ್ಣು ತುಂಬಿ ಬಂದದ್ದು ನಿಜ. ಆದರೆ ಓದುತ್ತ ಹೋದರೆ ‘ಧರ್ಮ’ ಇದ್ದಲ್ಲಿ ‘ಧಮರ್’, ‘ಸೂರ್ಯ’ ಇದ್ದಲ್ಲಿ ‘ಸೂಯರ್’. ‘ಕರ್ನಾಟಕ’ವಂತೂ ‘ಕನಾರ್ಟಕ’ವಾಗಿ ಕುಳಿತಿತ್ತು. ಕಾರಣ ನಮ್ಮ ಅರ್ಕಾವತ್ತು. ಬಾಯಲ್ಲಿ ‘ರ್’ ಮೊದಲು ಬರುತ್ತದೆ, ಕೈಯಲ್ಲಿ ಅದನ್ನು ಅಕ್ಷರದ ನಂತರ ಬರೆಯುತ್ತೇವೆ. ಹಳೆಯ ಫಾಂಟುಗಳು ಕೈಬರಹದ ಕ್ರಮವನ್ನು ಇಟ್ಟುಕೊಂಡಿದ್ದವು, ಯೂನಿಕೋಡ್ ಬಾಯಿಮಾತಿನ ಕ್ರಮವನ್ನು ಇಟ್ಟುಕೊಳ್ಳುತ್ತದೆ. ಆದ್ದರಿಂದ ಅರ್ಕಾವತ್ತು ಸಿಕ್ಕಾಗ ಪ್ರೋಗ್ರಾಂ ಹಿಂದಕ್ಕೆ ನಡೆದು, ಒತ್ತು, ಕೊಂಬು, ದೀರ್ಘಗಳನ್ನೆಲ್ಲ ದಾಟಿ, ಆ ಅಕ್ಷರದ ಬಾಗಿಲಿಗೆ ಹೋಗಿ ‘ರ್’ ಇಡಬೇಕು. ಹೇಳುವುದು ಸುಲಭ. ‘ಅರ್ಘ್ಯ’ದಂಥ ಪದದಲ್ಲಿ ನನ್ನ ಪ್ರೋಗ್ರಾಂ ಮೂರು ರಾತ್ರಿ ಮುಗ್ಗರಿಸಿತು.

ನಾಲ್ಕನೆಯ ರಾತ್ರಿ, ಇದೇ ಸಮಸ್ಯೆಯನ್ನು ನುಡಿ-ಬರಹಗಳ ಹಳೆಯ ಫಾಂಟುಗಳಿಗಾಗಿ ಯಾರೋ ಮೊದಲೇ ಬಿಡಿಸಿ, ಆ ಪ್ರೋಗ್ರಾಮಿನ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದು ಕಣ್ಣಿಗೆ ಬಿತ್ತು. ಸೋರ್ಸ್ ಕೋಡ್ ಎಂದರೆ ಮನುಷ್ಯ ಓದಬಲ್ಲ ರೂಪದಲ್ಲಿರುವ ಪ್ರೋಗ್ರಾಂ. ಅಂಗಡಿಯಿಂದ ಕೊಂಡ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಯಂತ್ರ ಓದುವ ರೂಪವಷ್ಟೇ ಇರುತ್ತದೆ. ಇದನ್ನು ತೆರೆದರೆ ಅರ್ಕಾವತ್ತಿನ ಭಾಗ ಇಷ್ಟೇ ಇಷ್ಟು. ಪ್ರತಿ ಹೆಜ್ಜೆಗೂ ಏಕೆ ಹೀಗೆ ಎಂದು ಒಂದು ಸಾಲಿನ ವಿವರಣೆ. ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ಹೇಳಿಕೊಟ್ಟ ಹಾಗೆ. ಓದಿದೆ, ತಿಳಿದೆ, ನನ್ನದರಲ್ಲಿ ಸೇರಿಸಿಕೊಂಡೆ. ಬೆಳಗಿನ ನಾಲ್ಕಕ್ಕೆ ‘ಧರ್ಮ’ ಸರಿಯಾಯಿತು.

ಆಗ ನನ್ನದೇ ಹಳೆಯ ಒಂದು ಪಾಪ ನೆನಪಾಗಿ ಮುಖ ಬಿಸಿಯಾಯಿತು. 1998ರಲ್ಲಿ ಮೊದಲ ಕೆಲಸಕ್ಕೆ ಸೇರಿದಾಗ ಸಂಬಳ ಲೆಕ್ಕ ಹಾಕುವ ಪ್ರೋಗ್ರಾಂ ಒಂದನ್ನು ಬರೆದಿದ್ದೆ. ನಾವು ಕಾಲೇಜಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು, ಎ.ಸಿ. ಕೋಣೆಗೆ ಗುಡಿಗೆ ಹೋದಂತೆ ಹೋಗಿ ಕಂಪ್ಯೂಟರ್ ಕಲಿತವರು. ನಮಗೆ ತಿಳಿದದ್ದು ಬೇರೆಯವರಿಗೆ ತಿಳಿಯಬಾರದು ಎಂಬ ಒಂದು ಪೂಜಾರಿಯ ಗರ್ವ ಆಗ ಇತ್ತು. ಹತ್ತು ಸಾಲಿನಲ್ಲಿ ಬರೆಯುವುದನ್ನು ಒಂದೇ ಸಾಲಿನಲ್ಲಿ ಹೊಸೆದು ಮೀಸೆ ತಿರುವುತ್ತಿದ್ದೆ. ಸಂಖ್ಯೆಗಳಿಗೆ ಎಕ್ಸ್, ಎಕ್ಸ್1, ಎಕ್ಸ್2 ಎಂದು ಹೆಸರು. ವಿವರಣೆ ಒಂದೂ ಇಲ್ಲ. ಎರಡು ವರ್ಷದ ಮೇಲೆ ತುಟ್ಟಿಭತ್ಯೆಯ ಲೆಕ್ಕ ಬದಲಿಸಬೇಕಾಗಿ ಬಂದು ಅದನ್ನು ತೆರೆದರೆ, ಎಕ್ಸ್2 ಏನೆಂದು ನನಗೇ ತಿಳಿಯಲಿಲ್ಲ. ಒಂದು ತಿಂಗಳು ಮುನ್ನೂರು ಜನರ ಸಂಬಳ ತಪ್ಪಾಯಿತು. ನಿವೃತ್ತಿಗೆ ಹತ್ತಿರವಿದ್ದ ಜವಾನರೊಬ್ಬರು ಚೀಟಿ ಹಿಡಿದು ನನ್ನ ಮೇಜಿನ ಮುಂದೆ ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅವರಿಗೆ ಆರುನೂರು ರೂಪಾಯಿ ಕಡಿಮೆ ಬಂದಿತ್ತು. ಅಂದು ಬೇರೆ ಯಾರೂ ಆ ಪ್ರೋಗ್ರಾಂ ಮುಟ್ಟುವಂತಿರಲಿಲ್ಲ. ಮುಟ್ಟಲಾಗದ ಹಾಗೆ ಬರೆದವನು ನಾನೇ.

ಅಪ್ಪನಿಗೆ ಇದನ್ನು ಹೇಳಿದಾಗ ಅವರು ನಕ್ಕರು. ಶಾಲೆಯಲ್ಲಿ ಅವರಿಗೊಂದು ಪದ್ಧತಿಯಿತ್ತು. ಪ್ರಬಂಧದ ಪಟ್ಟಿಯಲ್ಲಿ ತಪ್ಪು ತಿದ್ದುವ ಮೊದಲು ಅಂಚಿನಲ್ಲಿ ಕೆಂಪು ಶಾಯಿಯಿಂದ "ಯಾರಿಗೆ ಬರದೀ ಇದನ್ನ?" ಎಂದು ಬರೆಯುತ್ತಿದ್ದರು. ನಮಗೆಲ್ಲ ಅದು ಬೈಗುಳದಂತೆ ಕಾಣುತ್ತಿತ್ತು. ಪ್ರೋಗ್ರಾಂ ಬರೆಯುವವನು ದಿನಾ ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಅದು. ಯಂತ್ರಕ್ಕೆ ಬರೆಯುವುದು ದೊಡ್ಡ ಮಾತಲ್ಲ. ಅದು ಯಾವ ಹೆಸರಿಟ್ಟರೂ ಕೇಳುತ್ತದೆ, ಎಷ್ಟು ಗೋಜಲು ಮಾಡಿದರೂ ಓಡುತ್ತದೆ. ಓದುವವನು ಇನ್ನೊಬ್ಬ ಮನುಷ್ಯ. ಅವನು ನಮಗಿಂತ ಹತ್ತು ವರ್ಷ ಚಿಕ್ಕವನು, ಅವಸರದಲ್ಲಿದ್ದಾನೆ, ನಮ್ಮನ್ನು ಕೇಳೋಣವೆಂದರೆ ನಾವು ಅಲ್ಲಿ ಇರುವುದಿಲ್ಲ.

1999ರಲ್ಲಿ ಅಂಥ ಒಬ್ಬರ ಬರಹ ಓದುವ ಭಾಗ್ಯ ನನಗೂ ಬಂದಿತ್ತು. ಎರಡು ಸಾವಿರದ ಇಸವಿ ಬಂದರೆ ಗಣಕಗಳು ದಿಕ್ಕು ತಪ್ಪುತ್ತವೆ ಎಂದು ಜಗತ್ತೇ ಗಾಬರಿಯಾಗಿದ್ದ ಕಾಲ. ಹಿಂದಿನವರು ಜಾಗ ಉಳಿಸಲು ವರ್ಷಕ್ಕೆ ಕೊನೆಯ ಎರಡೇ ಅಂಕಿ ಬರೆದಿದ್ದರು. ‘00’ ಎಂದರೆ 1900ಓ 2000ವೋ ಯಂತ್ರಕ್ಕೆ ತಿಳಿಯದು. ಬೆಂಗಳೂರಿನ ಎಷ್ಟೋ ಹುಡುಗರು ಪರದೇಶದ ಹಳೆಯ ಕೋಬಾಲ್ ಪ್ರೋಗ್ರಾಮುಗಳನ್ನು ತಿದ್ದಲು ಕುಳಿತರು. ಅವರಲ್ಲಿ ನಾನೂ ಒಬ್ಬ. ಸಾವಿರಾರು ಸಾಲುಗಳ ನಡುವೆ ಒಂದು ಕಡೆ, ಎಪ್ಪತ್ತರ ದಶಕದ ಯಾರೋ ಪ್ರೋಗ್ರಾಮರು ಒಂದು ಟಿಪ್ಪಣಿ ಬಿಟ್ಟಿದ್ದರು. ಇಲ್ಲಿ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದೇನೆ, ಶತಮಾನ ಮುಗಿದರೆ ಇದು ಕೆಡುತ್ತದೆ, ಇದೇ ತಪ್ಪು ಇನ್ನೂ ಈ ಈ ನಾಲ್ಕು ಕಡೆ ಇದೆ, ಎಂಬುದು ಅದರ ಸಾರಾಂಶ. ಒಂದು ವಾರದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಆ ಮನುಷ್ಯ ಬದುಕಿದ್ದರೋ ಇಲ್ಲವೋ. ಒಳ್ಳೆಯ ಟಿಪ್ಪಣಿ ಎಂದರೆ ಅದು. ‘ಇಲ್ಲಿ ಎರಡನ್ನು ಕೂಡಿಸಿದ್ದೇನೆ’ ಎಂದು ಬರೆಯುವುದು ವ್ಯರ್ಥ, ಕೂಡಿಸಿದ್ದು ಕಾಣುತ್ತದಲ್ಲ. ಏಕೆ ಕೂಡಿಸಿದೆ ಎಂಬುದು ಕಾಣುವುದಿಲ್ಲ.

ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಒಬ್ಬರನ್ನು ನೆನೆಯದಿದ್ದರೆ ತಪ್ಪಾದೀತು. ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರು. ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನೂ ಅವನ ಸಂಗಡಿಗರೂ ಆಡಿದ ವಚನಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಲ್ಲಿದ್ದವು ಎನ್ನುತ್ತೀರಿ? ಬಹುಪಾಲು ಮಠಗಳಲ್ಲಿ, ಮನೆಗಳಲ್ಲಿ, ತಾಳೆಗರಿಯ ಕಟ್ಟುಗಳಲ್ಲಿ. ಎಷ್ಟೋ ಮನೆಗಳಲ್ಲಿ ಆ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಟ್ಟು ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದರು. ಬಿಚ್ಚಿ ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಅವನ್ನು ಸಂಗ್ರಹಿಸಿದರು, ನಕಲು ಮಾಡಿದರು, ಹೋಲಿಸಿದರು. 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂತು. 1925ರಲ್ಲಿ ಸ್ವಂತ ಮನೆ ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯ ಹಾಕಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆ. ವಚನಗಳನ್ನು ಕಟ್ಟಿನಿಂದ ಬಿಡಿಸಿ ಮಂದಿಯ ಕೈಗೆ ಕೊಟ್ಟದ್ದು ಆ ಕೆಲಸ. ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದಾದ ‘ವಚನ ಸಂಚಯ’ ಎಂಬ ತಾಣವನ್ನು ಕನ್ನಡದ ಕೆಲವು ತಂತ್ರಜ್ಞರು ಸ್ವಂತ ಆಸಕ್ತಿಯಿಂದ ಕಟ್ಟಿದ್ದಾರೆ. ಅದನ್ನು ನೋಡಿದಾಗಲೆಲ್ಲ ನನಗೆ ಮಾರಿಹೋದ ಆ ಮನೆಯ ನೆನಪಾಗುತ್ತದೆ.

ತಾಳೆಗರಿ ನಕಲು ಮಾಡುತ್ತಿದ್ದ ಲಿಪಿಕಾರರಲ್ಲೂ ಒಂದು ರೂಢಿಯಿತ್ತು. ಕೊನೆಯ ಗರಿಯಲ್ಲಿ ತನ್ನ ಹೆಸರು, ದಿನ, ವಾರ ಬರೆದು, ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು ಎಂದು ಬೇಡಿಕೊಳ್ಳುವುದು. ಈಗಿನ ಮುಕ್ತ ತಂತ್ರಾಂಶದ ಪರವಾನಗಿಗಳಲ್ಲಿ ಪುಟಗಟ್ಟಲೆ ಕಾನೂನಿನ ಭಾಷೆ ಇರುತ್ತದೆ. ಬಳಸು, ಓದು, ತಿದ್ದು, ಹಂಚು ಎಂಬುದು ಅದರ ತಿರುಳು. ಜಿ.ಪಿ.ಎಲ್. ಎಂಬ ಪರವಾನಗಿ ಇನ್ನೊಂದು ಮಾತು ಸೇರಿಸುತ್ತದೆ: ನೀನು ತಿದ್ದಿ ಹಂಚಿದರೆ ಮುಂದಿನವನಿಗೂ ಅದೇ ಹಕ್ಕು ಕೊಡು. ಇದರ ಹಿಂದಿರುವ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಈ ದಾರಿಗೆ ಬಂದದ್ದು ಒಂದು ಪ್ರಿಂಟರಿನ ಜಗಳದಿಂದ. ಅವರ ಪ್ರಯೋಗಾಲಯಕ್ಕೆ ಬಂದ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಮುಟ್ಟುವಂತೆ ತಿದ್ದೋಣವೆಂದರೆ ಸೋರ್ಸ್ ಕೋಡ್ ಕೊಡಲಿಲ್ಲ. 1983ರಲ್ಲಿ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಹೊರತಂದ. ನಿಮ್ಮ ಮಕ್ಕಳ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲಿ ಇರುವುದು ಅದೇ ಲಿನಕ್ಸ್.

ಇಲ್ಲೊಂದು ಗೊಂದಲ ಬಿಡಿಸಬೇಕು. ಬಿಟ್ಟಿ ಸಿಗುವುದೆಲ್ಲ ಮುಕ್ತವಲ್ಲ. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ವನ್ನು ಉಚಿತವಾಗಿ ಕೊಟ್ಟರು. ನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಉಚಿತವಾಗಿ ಸಿಕ್ಕಿತು. ಅದರ ಕೀಲಿಮಣೆ ಕೆ.ಪಿ. ರಾಯರು ರೂಪಿಸಿದ ವಿನ್ಯಾಸ. ಇವರೆಲ್ಲರ ಋಣ ನಮ್ಮ ಮೇಲಿದೆ. ಅವರಿಲ್ಲದಿದ್ದರೆ ಸಾವಿರಾರು ಜನ ಗಣಕದಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆದರೆ ಉಚಿತವಾಗಿ ಬಳಸುವುದು ಬೇರೆ, ಒಳಗೇನಿದೆ ಎಂದು ಬಿಚ್ಚಿ ನೋಡಿ ತಿದ್ದುವುದು ಬೇರೆ. ಊಟಕ್ಕೆ ಕರೆಯುವವರು ಬಹಳ, ಅಡುಗೆಮನೆಗೆ ಬಿಡುವವರು ಕಡಿಮೆ.

ಮುಕ್ತವಾದರೆ ಎಲ್ಲ ಸರಿಹೋಯಿತು ಎಂದೂ ನಾನು ಹೇಳಲಾರೆ. 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಬಯಲಾಯಿತು. ಜಗತ್ತಿನ ಅಸಂಖ್ಯಾತ ತಾಣಗಳ ಗುಟ್ಟು ಕಾಯುವ ‘ಓಪನ್ ಎಸ್‌ಎಸ್‌ಎಲ್’ ಎಂಬ ಮುಕ್ತ ತಂತ್ರಾಂಶದಲ್ಲಿ 2012ರಿಂದ ಅದು ಕುಳಿತಿತ್ತು. ಕೋಡ್ ಎಲ್ಲರ ಕಣ್ಣ ಮುಂದೆಯೇ ಇತ್ತು. ದೊಡ್ಡ ದೊಡ್ಡ ಕಂಪನಿಗಳು ಬಳಸುತ್ತಿದ್ದವು. ನೋಡಿಕೊಳ್ಳುತ್ತಿದ್ದವರು ಮಾತ್ರ ಬೆರಳೆಣಿಕೆಯ ಜನ. ಊರ ಬಾವಿ ಎಲ್ಲರದು, ಹೂಳೆತ್ತುವ ದಿನ ಯಾರೂ ಇಲ್ಲ.

ನನ್ನ ಪ್ರೋಗ್ರಾಮಿನ ಕಥೆಗೆ ಬರುತ್ತೇನೆ. ಕಲಿತವರ ಋಣ ತೀರಿಸೋಣವೆಂದು 2016ರಲ್ಲಿ ಅದರ ಸೋರ್ಸ್ ಕೋಡನ್ನೂ ಆ ಹಳೆಯ ಫಾಂಟಿನ ಪಟ್ಟಿಯನ್ನೂ ಎಲ್ಲರಿಗೂ ಸಿಗುವಂತೆ ಇಟ್ಟೆ. ಯಾರು ನೋಡುತ್ತಾರೆ ಎಂದುಕೊಂಡಿದ್ದೆ. ಆರು ತಿಂಗಳಾದ ಮೇಲೆ ಕಾಸರಗೋಡಿನ ಕಡೆಯ ಒಬ್ಬ ವಿದ್ಯಾರ್ಥಿನಿಯಿಂದ ಕಾಗದ ಬಂತು. ತನ್ನ ಅಜ್ಜನ ಯಕ್ಷಗಾನ ಪ್ರಸಂಗವೊಂದು ಇದೇ ಫಾಂಟಿನಲ್ಲಿತ್ತು, ನಿಮ್ಮಿಂದ ಸಿಕ್ಕಿತು, ಆದರೆ ನಿಮ್ಮದರಲ್ಲಿ ಒಂದು ತಪ್ಪಿದೆ ಎಂದಿತ್ತು. ಆ ಫಾಂಟಿನಲ್ಲಿ ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಒಂದೇ ಮನೆ. ನಾನು ಎಲ್ಲವನ್ನೂ ಅನುಸ್ವಾರ ಮಾಡಿಬಿಟ್ಟಿದ್ದೆ. ಹತ್ತು ಎಂದು ಕನ್ನಡ ಅಂಕಿಯಲ್ಲಿ ಬರೆದದ್ದು ಒಂದರ ಮುಂದೆ ‘ಅಂ’ ಎನ್ನುವಂತಾಗಿತ್ತು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ. ಹಿಂದೆ ಅಂಕಿಯಿದ್ದರೆ ಸೊನ್ನೆ ಎಂದು ಹಿಡಿಯಬೇಕೆಂದು ನಾಲ್ಕು ಸಾಲು ತಿದ್ದಿ ಕಳಿಸಿದ್ದಳು. ಜೊತೆಗೆ ಆ ತಪ್ಪು ಮತ್ತೆ ಬಾರದಂತೆ ಪರೀಕ್ಷಿಸುವ ಒಂದು ಚಿಕ್ಕ ಪ್ರೋಗ್ರಾಮೂ ಇತ್ತು. ನನ್ನ ಕಡತ ತೆರೆದು ನೋಡಿದೆ. ಅವ್ವನ ಹಾಡುಗಳ ಕ್ರಮಸಂಖ್ಯೆಯಲ್ಲಿ ಹತ್ತು, ಇಪ್ಪತ್ತು, ಮೂವತ್ತು ಎಲ್ಲವೂ ಕೆಟ್ಟು ಕುಳಿತಿದ್ದವು. ಹತ್ತು ಸಲ ಓದಿದ್ದೆ, ಕಂಡಿರಲಿಲ್ಲ. ಕಾಸರಗೋಡು ಕೇರಳದಲ್ಲಿದೆ. ಅಲ್ಲಿನ ಸರಕಾರಿ ಶಾಲೆಗಳು ಮುಕ್ತ ತಂತ್ರಾಂಶದಲ್ಲೇ ಗಣಕ ಕಲಿಸುತ್ತ ಬಂದಿವೆ, ಕನ್ನಡ ಮಾಧ್ಯಮದ ಮಕ್ಕಳಿಗೂ ಅದೇ. ಆ ಹುಡುಗಿಗೆ ಕೋಡ್ ಬಿಚ್ಚಿ ನೋಡುವ ಧೈರ್ಯ ಅಲ್ಲಿಂದ ಬಂದಿತ್ತೋ ಏನೋ, ನಾನು ಕೇಳಲಿಲ್ಲ. ನಮ್ಮ ಕಡೆಯ ಶಾಲೆಗಳಲ್ಲಿ ಹಾಗೆ ಕಲಿಸಿದರೆ ಬೇಡವೆನ್ನುವವರು ಯಾರು?

ಕಾಕಾನ ಪ್ರಶ್ನೆ ಉಳಿಯಿತು. ಈಗ ಯಂತ್ರವೇ ಪ್ರೋಗ್ರಾಂ ಬರೆದುಕೊಡುತ್ತದೆ, ನಿಜ. ನಾನೂ ಬರೆಸುತ್ತೇನೆ. ಅರ್ಧ ತಾಸಿನ ಕೆಲಸ ಅರ್ಧ ನಿಮಿಷದಲ್ಲಿ ಬರುತ್ತದೆ, ನೋಡಲು ಮುದ್ದಾಗಿಯೂ ಇರುತ್ತದೆ. ಆದರೆ ಅದರಲ್ಲಿ ‘ಧಮರ್’ ಇದೆಯೋ ‘ಧರ್ಮ’ ಇದೆಯೋ ಓದಿ ನೋಡುವವರು ಬೇಕು. ಜವಾನರ ಆರುನೂರು ರೂಪಾಯಿ ಕಡಿಮೆಯಾದರೆ ಮೇಜಿನ ಮುಂದೆ ಅವರಿಗೆ ಉತ್ತರ ಹೇಳುವವರು ಬೇಕು. ಆದ್ದರಿಂದ ಕಾಕಾ, ಹುಡುಗನನ್ನು ಓದಿಸಿ. ಯಾವ ಲ್ಯಾಂಗ್ವೇಜ್ ಎಂದು ತಲೆ ಕೆಡಿಸಿಕೊಳ್ಳಬೇಡಿ. ನಾನು ಕಲಿತ ಮೊದಲ ಮೂರು ಈಗ ಯಾರಿಗೂ ಬೇಡವಾಗಿವೆ. ಬೇರೆಯವರು ಬರೆದದ್ದನ್ನು ದಿನಕ್ಕೆ ಒಂದು ಪುಟ ಓದುವ ಅಭ್ಯಾಸ ಹಚ್ಚಿ. ಮುಕ್ತ ತಂತ್ರಾಂಶದಲ್ಲಿ ಓದಲು ಬೇಕಾದಷ್ಟಿದೆ, ಫೀಜು ಇಲ್ಲ, ಯಾರ ಅಪ್ಪಣೆಯೂ ಬೇಡ. ಬಾಗೇವಾಡಿಯ ಕಟ್ಟೆಯ ಮೇಲೆ ಕುಳಿತೇ ಓದಬಹುದು. ಕನ್ನಡದಲ್ಲೇ ಮಾಡಬೇಕಾದ ಕೆಲಸ ರಾಶಿ ಬಿದ್ದಿದೆ. ಊರೂರಿನ ಬಿಸ್ಕತ್ತಿನ ಡಬ್ಬಿಗಳಲ್ಲಿ ಇನ್ನೆಷ್ಟು ಫ್ಲಾಪಿಗಳಿವೆಯೋ!

ಹುಡುಗಿಯ ತಿದ್ದುಪಡಿ ಸೇರಿಸಿದ ಮೇಲೆ ಹಾಡುಗಳನ್ನೆಲ್ಲ ದೊಡ್ಡ ಅಕ್ಷರದಲ್ಲಿ ಮುದ್ರಿಸಿ, 2017ರ ದೀಪಾವಳಿಗೆ ಅಪ್ಪನ ಕೈಗೆ ಕೊಟ್ಟೆ. ಅಪ್ಪ ಭೂತಗನ್ನಡಿ ಹಿಡಿದು ಪಡಸಾಲೆಯಲ್ಲಿ ಕುಳಿತರು. ಮಧ್ಯಾಹ್ನದ ಊಟಕ್ಕೆ ಏಳಲಿಲ್ಲ. ಸಂಜೆ ಕೆಂಪು ಪೆನ್ನು ಕೇಳಿದರು. ನನ್ನ ಪ್ರೋಗ್ರಾಮಿನ ತಪ್ಪು ಇನ್ನೂ ಉಳಿದಿರಬೇಕೆಂದು ಎದೆ ಧಸಕ್ಕೆಂದಿತು. ಅದಲ್ಲ. ಅವ್ವ ‘ತವರಮನಿ’ ಎಂದು ಹಾಡಿದ್ದನ್ನು, ಅಪ್ಪನೂ ಹಾಗೆಯೇ ಬರೆದದ್ದನ್ನು, ಅಂದಿನ ಡಿ.ಟಿ.ಪಿ. ಹುಡುಗ ಶುದ್ಧ ಕನ್ನಡ ಮಾಡುವ ಉಮೇದಿನಲ್ಲಿ ‘ತವರುಮನೆ’ ಎಂದು ತಿದ್ದಿಬಿಟ್ಟಿದ್ದ. ಇಪ್ಪತ್ತು ವರ್ಷ ಯಾರೂ ನೋಡಿರಲಿಲ್ಲ.

"ಇದನ್ನ ತಿದ್ದಾಕ ಬರತೈತೇನೋ?"

"ಬರತೈತಪ್ಪಾ. ನಲವತ್ತೊಂದು ಕಡೆ ಐತಿ. ಒಂದು ಗುಂಡಿ ಒತ್ತಿದ್ರ ಎಲ್ಲಾ ಒಮ್ಮೆಲೇ ತವರಮನಿ ಆಗತಾವ."

"ಬ್ಯಾಡ" ಎಂದರು ಅಪ್ಪ. "ಒಂದೊಂದ ಓದು. ಸೋಬಾನದಾಗ ನಾಕು ಕಡೆ ಆಕಿ ಖರೇನ ತವರುಮನೆ ಅಂತಿದ್ಲು. ಅವು ಹಂಗ ಇರಲಿ."

ನಾನು ಗಣಕ ಮಡಿಲಲ್ಲಿಟ್ಟುಕೊಂಡು ಅವರ ಪಕ್ಕದಲ್ಲಿ ಕುಳಿತೆ. ಮೊದಲನೆಯದನ್ನು ಓದಿದೆ. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳಿ, "ಹೂಂ, ತಿದ್ದು" ಎಂದರು. ಎರಡನೆಯದಕ್ಕೆ ಹೋದೆವು.